ಚಂದ್ರ ಕಂಡರೆ ಗುರುವಾರ

ನಮ್ಮ ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇರುತ್ತಿತ್ತು, ಆದರೆ ದಿನ ಹೇಳುವವರು ನಮ್ಮ ಅತ್ತೆ. ಮದುವೆ, ಮನೆಗೆ ಸುಣ್ಣ, ಸೊಸೆ ತವರಿಗೆ ಹೋಗುವುದು, ಎಲ್ಲಕ್ಕೂ ಅವರು ಚಂದ್ರನ ತಿಂಗಳನ್ನೇ ಎಣಿಸುತ್ತಿದ್ದರು. ನಾನು ಕನ್ನಡ ಶಾಲೆಯ ಟೀಚರು, ನನ್ನದು ಇಂಗ್ಲಿಷ್ ತಿಂಗಳು. ಹೀಗೆ ಎರಡೆರಡು ತಿಂಗಳು ಇಟ್ಟುಕೊಂಡು ಸಂಸಾರ ಮಾಡುವವರ ಮನೆಯಲ್ಲಿ ಒಂದಿಲ್ಲೊಂದು ಪೇಚು ಆಗುತ್ತಲೇ ಇರುತ್ತದೆ.

ಮೆಹಂದಿ

ನನ್ನ ತವರು ಆಳಂದ, ಕೊಟ್ಟದ್ದು ಜೇವರ್ಗಿಗೆ. ಎಪ್ಪತ್ತರ ದಶಕದ ಕೊನೆ. ದಿನ ಗೊತ್ತುಮಾಡಲು ಹಿರಿಯರು ಕೂತರು. ಮೊಹರಂ ಬೇಡ, ಸಫರ್ ತಿಂಗಳ ಮೊದಲ ಹದಿಮೂರು ದಿನ ಬೇಡ, ರಂಜಾನ್‌ನಲ್ಲಿ ಉಪವಾಸ, ರಂಜಾನ್-ಬಕ್ರೀದ್ ನಡುವಿನ ತಿಂಗಳಿಗೆ ‘ಖಾಲಿ’ ಎಂದೇ ಹೆಸರು, ಅದೂ ಬೇಡ. ಬಿಡುತ್ತ ಬಿಡುತ್ತ ಒಂದು ಭಾನುವಾರ ಉಳಿಯಿತು. ಅದರ ಹಿಂದಿನ ದಿನವೇ ನನ್ನ ಶಿಕ್ಷಕರ ತರಬೇತಿಯ ಕೊನೆಯ ಪೇಪರು.

“ಪರೀಕ್ಷಾ ಮುಂದಿನ ವರ್ಷನೂ ಬರ್ತದ” ಎಂದರು ಅತ್ತೆಯಾಗುವವರು. ನಾನು ಅತ್ತು ಕರೆದು ಎರಡನ್ನೂ ಉಳಿಸಿಕೊಂಡೆ.

ಶನಿವಾರ ಎರಡೂ ಕೈಗೆ ಮೆಹಂದಿ ಹಚ್ಚಿಕೊಂಡೇ ಪರೀಕ್ಷೆಗೆ ಕೂತೆ. ಮೇಲ್ವಿಚಾರಕರು ನನ್ನ ಮುಂದೆ ಬಂದು ನಿಂತರು.

“ಏನ್ರಿ ಇದು, ಕೈತುಂಬ ಬರ್ಕೊಂಡು ಬಂದೀರಲ್ಲ?”

“ಮೆಹಂದಿ ರೀ ಸರ್. ನಾಳೆ ನನ್ನ ಮದುವಿ.”

ಅವರು ಕನ್ನಡಕ ಏರಿಸಿ ಅಂಗೈ ನೋಡಿದರು. “ನಡುವ ಅಕ್ಷರ ಕಾಣ್ತಾವ?”

“ಅವರ ಹೆಸರು ರೀ.”

ನನ್ನ ಪ್ರಶ್ನೆಪತ್ರಿಕೆ ಎತ್ತಿಕೊಂಡು ಮೇಲಿಂದ ಕೆಳಗಿನ ತನಕ ಓದಿ, ವಾಪಸ್ ಇಟ್ಟರು. “ಇವರ ಮ್ಯಾಲ ಪ್ರಶ್ನಿ ಬಂದಿಲ್ಲ. ಬರೀರಿ.”

ರಜೆಯ ಅರ್ಜಿ

ಮೊದಲ ನೌಕರಿ ಅಫಜಲಪುರದಲ್ಲಿ. ಹೆಡ್ಮಾಸ್ತರು ಹಣೆತುಂಬ ವಿಭೂತಿ ಹಚ್ಚುವ, ಕಾಯದೆ ಬಿಟ್ಟು ಕದಲದ ಮನುಷ್ಯ. ಯಾವ ರಜೆಯಾದರೂ ಎರಡು ದಿನ ಮುಂಚೆ ಅರ್ಜಿ ಕೊಡಬೇಕು. ಆ ವರ್ಷ ಈದ್‌ನ ಸರಕಾರಿ ರಜೆ ಗುರುವಾರ ಬಿದ್ದಿತ್ತು. ಬುಧವಾರ ಸಂಜೆ ಚಂದ್ರ ಕಾಣದಿದ್ದರೆ ಹಬ್ಬ ಶುಕ್ರವಾರಕ್ಕೆ ಹೋಗುತ್ತದೆ, ಆಗ ನನಗೆ ಇನ್ನೊಂದು ರಜೆ ಬೇಕು. ಹಾಗಾಗಿ ಸೋಮವಾರವೇ ಬರೆದೆ: ‘ಚಂದ್ರ ಕಂಡರೆ ಹಬ್ಬ ಗುರುವಾರ. ಕಾಣದಿದ್ದರೆ ಶುಕ್ರವಾರ ಒಂದು ದಿನದ ರಜೆ ನೀಡಬೇಕಾಗಿ ವಿನಂತಿ.’

ಹೆಡ್ಮಾಸ್ತರು ಎರಡು ಸಲ ಓದಿದರು. “ಟೀಚರ್, ‘ಚಂದ್ರ ಕಂಡರೆ’ ಅಂತ ಸರಕಾರಿ ಕಾಗದದಾಗ ಹ್ಯಾಂಗ ಬರೀತೀರಿ? ಒಂದು ದಿನ ಹೇಳ್ರಿ.”

“ನನ್ನ ಕೈಯಾಗ ಇಲ್ರಿ ಸರ್.”

ಅವರು ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬುಧವಾರ ಸಂಜೆ ನಾವು ಹೆಂಗಸರು ಮಾಳಿಗೆ ಏರಿ ಪಡುವಣಕ್ಕೆ ಕಣ್ಣು ನೆಟ್ಟಿದ್ದೆವು. ಪಕ್ಕದ ಮಾಳಿಗೆ ಹೆಡ್ಮಾಸ್ತರದು. ನೋಡಿದರೆ ಅವರೂ ಕೈಯನ್ನು ಹುಬ್ಬಿಗೆ ಹಚ್ಚಿ ಅತ್ತಲೇ ನೋಡುತ್ತಿದ್ದಾರೆ. ನಮಗಾರಿಗೂ ಕಾಣುವ ಮೊದಲೇ ಅವರು ಬೇವಿನ ಮರದ ಮೇಲ್ಗಡೆ ಬೆರಳು ತೋರಿಸಿದರು. ಉಗುರಿನಷ್ಟು ಚಂದ್ರ. ನಮ್ಮೆಲ್ಲರ ಕಣ್ಣು ತುಂಬಿತು.

ಅವರು ಜೇಬಿನಿಂದ ಕಾಗದ ತೆಗೆದು ನನ್ನ ಕಡೆ ಎತ್ತಿ ಹಿಡಿದರು. “ಟೀಚರ್, ನಿಮ್ಮ ಅರ್ಜಿ ನಾಮಂಜೂರು. ಈದ್ ಮುಬಾರಕ್.”

ಜನಗಣತಿ

ಜೇವರ್ಗಿಗೆ ವರ್ಗವಾದ ಮೇಲೆ ಜನಗಣತಿಯ ಕೆಲಸ ಬಿತ್ತು. ನಮ್ಮ ಓಣಿಯೇ ನನ್ನ ಪಾಲಿಗೆ. ನಮ್ಮ ಮನೆಯ ಮುಂದೆಯೇ ಕೂತು ಅತ್ತೆಯ ವಯಸ್ಸು ಕೇಳಿದೆ. ಅವರು ಹೊರಸಿನ ಮೇಲೆ ಶಾವಿಗೆ ಹರವುತ್ತಿದ್ದರು.

“ಚಂದ್ರನ ಲೆಕ್ಕದಾಗ ಅರವತ್ತೆರಡು. ನಿನ್ನ ಲೆಕ್ಕದಾಗ ಅರವತ್ತು.”

“ಒಂದು ಹೇಳ್ರಿ ಅಮ್ಮ, ಬರ್ಕೋಬೇಕು.”

ಅವರು ಶಾವಿಗೆಯಿಂದ ತಲೆ ಎತ್ತಲಿಲ್ಲ. “ಕೆಲಸ ಮಾಡೂದಕ್ಕಾದ್ರ ಅರವತ್ತೆರಡು ಬರಿ. ಸಾಯೂದಕ್ಕಾದ್ರ ಅರವತ್ತು.”

ನಿಶ್ಚಯ

ನನ್ನ ತಂಗಿಗೆ ಜೇವರ್ಗಿಯಲ್ಲೇ ಒಬ್ಬ ಹುಡುಗನನ್ನು ನೋಡಿದೆವು. “ನಿಶ್ಚಯ ಆಳಂದದಾಗ, ಈದ್ ದಿನ ಮಧ್ಯಾಹ್ನ” ಎಂದು ಎರಡೂ ಕಡೆಯವರು ಒಪ್ಪಿದರು. ತಾರೀಖು ಯಾರೂ ಕೇಳಲಿಲ್ಲ.

ಆಗ ಮಿರಗದ ಮಳೆಯ ದಿನಗಳು. ಜೇವರ್ಗಿಯಲ್ಲಿ ಮೋಡ ಮುಸುಕಿ ಚಂದ್ರ ಕಾಣಲಿಲ್ಲ. ಮರುದಿನವೂ ರೋಜಾ ಉಪವಾಸ ಇಟ್ಟೆವು. ಬೆಳಿಗ್ಗೆ ನನ್ನ ತಮ್ಮ ಹೊಸ ಅಂಗಿ ಹಾಕಿಕೊಂಡು, ಅತ್ತರು ಘಮಘಮ ಅನ್ನಿಸುತ್ತ ಆಳಂದದಿಂದ ಬಂದಿಳಿದ. “ಇನ್ನೂ ತಯಾರಾಗಿಲ್ಲೇನು? ಅಲ್ಲಿ ಬಿರ್ಯಾನಿಗೆ ಅಕ್ಕಿ ನೆನಿ ಹಾಕ್ಯಾರ.”

“ಹಬ್ಬ ನಾಳೆ” ಎಂದರು ಅತ್ತೆ.

“ನಿನ್ನೆ ನಾವು ಚಂದ್ರ ನೋಡೀವಿ.”

“ನೀವು ಚಂದ್ರ ನೋಡೀರಿ. ನಾವು ಮೋಡ ನೋಡೀವಿ.”

ಆದರೂ ಮಾಡಿದ ಅಡುಗೆ ಕೆಡಬಾರದು, ಆಡಿದ ಮಾತು ತಪ್ಪಬಾರದು. ಹುಡುಗನ ಕಡೆಯವರು ಹನ್ನೆರಡು ಜನ, ನಾನು, ಅತ್ತೆ, ಎಲ್ಲರೂ ರೋಜಾದಲ್ಲೇ ಬಸ್ ಹತ್ತಿದೆವು. ಆಳಂದ ಮುಟ್ಟಿದರೆ ಓಣಿತುಂಬ ಹಬ್ಬ. ನಮ್ಮ ಅವ್ವ ಬಟ್ಟಲು ತುಂಬ ಶೀರ್‌ಖುರ್ಮಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಯಾರೂ ಮುಟ್ಟಲಿಲ್ಲ. ಅವಳ ಮುಖ ಸಣ್ಣದಾಯಿತು, ಸಂಬಂಧ ಮುರಿದೇ ಹೋಯಿತು ಅಂದುಕೊಂಡಳು. ನಾನು ಒಳಗೆ ಕರೆದೊಯ್ದು ವಿಷಯ ತಿಳಿಸಿದೆ. “ಹಂಗಾದ್ರ ನಾವೂ ಹೊತ್ತು ಮುಳುಗಿದ ಮ್ಯಾಲೆ ಉಣ್ತೀವಿ” ಎಂದು ಬಟ್ಟಲುಗಳನ್ನು ಮುಚ್ಚಿಟ್ಟಳು.

ಪಡಸಾಲೆಯಲ್ಲಿ ಮಾತುಕತೆ ಶುರುವಾಯಿತು. ತಂಗಿ ಅಡುಗೆಮನೆಯ ಪರದೆಯ ಹಿಂದೆ ನಿಂತಿದ್ದಳು. ಗಾಳಿಗೆ ಪರದೆ ಸರಿಯಿತು. ಹುಡುಗ ಅತ್ತ ತಿರುಗಿದವನು ಕಣ್ಣು ಕೀಳಲೇ ಇಲ್ಲ. “ಒಪ್ಪಿಗಿ ಅದೇನಪ್ಪಾ?” ಎಂದು ಹಿರಿಯರು ಕೇಳಿ ಮುಗಿಸುವ ಮೊದಲೇ “ಹೂಂ” ಎಂದ. ಹೆಂಗಸರೆಲ್ಲ ಸೆರಗು ಬಾಯಿಗೊತ್ತಿ ನಕ್ಕರು. ಸಂಜೆ ಎಲ್ಲರೂ ನೆಲಕ್ಕೆ ಹಾಸಿದ ಒಂದೇ ದಸ್ತರಖಾನಿನ ಸುತ್ತ ಕೂತು ಉಂಡೆವು. ಮರುದಿನ ಜೇವರ್ಗಿಯವರ ಹಬ್ಬವೂ ಅಲ್ಲೇ ಆಯಿತು.

ಅಂಥ ಎರಡು ದಿನದ ಹಬ್ಬ ಮತ್ತೆ ನನ್ನ ನಸೀಬಿಗೆ ಬರಲಿಲ್ಲ. ಮೂರು ಮಕ್ಕಳಾದ ಮೇಲೂ ತಂಗಿ ಆ ನೋಟವನ್ನು ಹೇಳಿಕೊಂಡು ಮೆರೆಯುತ್ತಿದ್ದಳು. ಒಂದು ದಿನ ನಮ್ಮೆಲ್ಲರ ಮುಂದೆ ಗಂಡನನ್ನೇ ಕೇಳಿದಳು, “ಹೇಳ್ರಿ ಇವರಿಗೆ, ಅವತ್ತ ಹೆಂಗ ನೋಡಾಕತ್ತಿದ್ರಿ ನನ್ನ?”

ಆತ ತಲೆ ತುರಿಸಿಕೊಂಡ. “ನಿನ್ನ ಎಲ್ಲಿ ನೋಡೀನಿ? ನಿನ್ನ ಹಿಂದ ಬಿರ್ಯಾನಿ ಹಂಡೆ ಇತ್ತು. ನೀ ಅಡ್ಡ ನಿಂತಿದ್ದಿ.”