ಬಸವಲಿಂಗಯ್ಯನವರು ಆರಿಸಿದ ಮೋಟ್ರು

ಮಧುಗಿರಿ ಸೀಮೆಯ ಕೊಳವೆಬಾವಿ ಮೋಟ್ರುಗಳೆಲ್ಲ ಒಮ್ಮೆಯಾದರೂ ತಮ್ಮ ತೊಡೆಯ ಮೇಲೆ ಮಲಗಿ ಎದ್ದು ಹೋದವೆಂಬುದು ಮೋಟ್ರು ರಿಪೇರಿ ಬಸವಲಿಂಗಯ್ಯನವರ ಘನ ಹೆಮ್ಮೆ. ಅಂಥವರ ಮಗಳು, ಇಂಜಿನಿಯರಿಂಗ್ ಓದುವ ಸ್ಪಂದನಾ, ಸಿರಾದ ರೋಬೋಟ್ ಕಾಳಗಕ್ಕೆ ಹೊರಟವಳು, ಎದುರಾಳಿಯನ್ನು ಸೀಳುವ ಬ್ಲೇಡು ತಿರುಗಿಸಲು ಮುಷ್ಟಿಯಷ್ಟು ಮೋಟ್ರು ತರಿಸುವುದೇ? ಮನೆತನದ ಮಾನ ಉಳಿಯುವುದುಂಟೇ!

"ಇದ್ರಲ್ಲಿ ಮಜ್ಜಿಗೆ ಕಡೆಯಾಕೂ ಆಗಾಕಿಲ್ಲ ಕಣಮ್ಮ. ಗೆಲ್ಲೋ ಮೋಟ್ರು ನಾನ್ ಕೊಡ್ತೀನಿ ಬುಡು!"

"ಬ್ಯಾಡಪ್ಪಾ, ಲೆಕ್ಕ ಹಾಕಿ ತರ್ಸಿದೀನಿ. ನಾಡಿದ್ದೇ ಪಂದ್ಯ. ಇದು ಕೆಟ್ರೆ ಇನ್ನೊಂದು ರೋಬೋಟ್ ಇಲ್ಲ."

"ಎಂಥಾ ಲೆಕ್ಕ? ಐದು ಎಚ್‌ಪಿ ಸಾಕು ಅಂದೋನ ಬೋರಿಗೆ ಏಳೂವರೆ ಇಳಿಸ್ಬೇಕು. ನಮ್ ಕಡೆ ನೀರು ಮೇಲಕ್ಕೆ ಬರೋದೇ ಅಂಗೆ!"

ಮಗಳು ಕಾಲೇಜಿಗೆ ಹೋದದ್ದೇ ತಡ, ಟ್ರ್ಯಾಕ್ಟರ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟ್ರೊಂದು ರೋಬೋಟಿನ ಹೊಟ್ಟೆ ಸೇರಿತು. ಇಷ್ಟು ದೊಡ್ಡ ಮೋಟ್ರಿಗೆ ಅಷ್ಟು ಸಣ್ಣ ಬ್ಲೇಡು ಶೋಭೆಯಲ್ಲವೆಂದು ಉಳುಮೆಯ ರೋಟವೇಟರಿನ ಬ್ಲೇಡೂ ತಲೆಯೇರಿತು. ಮಧ್ಯಾಹ್ನ ಸ್ಪಂದನಾ ಗೇಟು ತೆಗೆಯುವ ಹೊತ್ತಿಗೆ ಅಂಗಳದಲ್ಲಿ ಮಹಾಪರೀಕ್ಷೆಗೆ ಸಕಲ ಸಿದ್ಧತೆಯಾಗಿತ್ತು.

"ರೀ, ಈಗಷ್ಟೇ ಸಂಡಿಗೆ ಇಟ್ಟಿದೀನಿ, ಆಚೆ ಹೋಗ್ರಿ!" ಎಂದು ಹೆಂಡತಿ ದಾಕ್ಷಾಯಣಮ್ಮ ಕೂಗಿದರು.

"ಅದೇನು ನಾಯಿ ಏನೇ? ಇಟ್ಟ ಕಡೆ ಇರ್ತದೆ!"

ಗುಂಡಿ ಒತ್ತಿದರು. ರೋಬೋಟಿಗಿಂತ ಭಾರವಾದ ಬ್ಲೇಡು ಮಿಸುಕಲಿಲ್ಲ. ರೋಬೋಟೇ ತಿರುಗಿತು! ಬೋರಿನಲ್ಲಾದರೆ ಮೋಟ್ರನ್ನು ನೂರಾರು ಅಡಿ ಪೈಪು ಬಿಗಿಹಿಡಿದಿರುತ್ತದೆ. ಇಲ್ಲಿ ಹಿಡಿಯುವವರು ಯಾರು? ಗಿರಗಿರನೆ ಸುತ್ತುತ್ತಾ ಹೋಗಿ ಸಂಡಿಗೆ ಇಟ್ಟಿದ್ದ ಹಳೇ ಸೀರೆಯನ್ನು ಮೈಗೆಲ್ಲ ಸುತ್ತಿಕೊಂಡಿತು. ಗೋಡೆಗೆ ಸಂಡಿಗೆ, ತುಳಸಿಕಟ್ಟೆಗೆ ಸಂಡಿಗೆ, ಬಸವಲಿಂಗಯ್ಯನವರ ಮೀಸೆಗೂ ಸಂಡಿಗೆ! ಕೊನೆಗೆ ಬಟ್ಟೆ ಒಗೆಯುವ ಕಲ್ಲಿಗೆ ಧಡಾರೆಂದು ಬಡಿದು ಮಲಗಿತು.

"ಅಪ್ಪಾ..." ಎಂದ ಸ್ಪಂದನಾಳ ಕಣ್ಣು ತುಂಬಿತ್ತು. ಬಸವಲಿಂಗಯ್ಯನವರು ಓಡಿಹೋಗಿ ರೋಬೋಟನ್ನು ಎತ್ತಿ ನಿಲ್ಲಿಸಿದರು. ಆರು ತಿಂಗಳು ಊಟ ನಿದ್ದೆ ಬಿಟ್ಟು ಕಟ್ಟಿದ್ದಳು ಪಾಪ, ತಮ್ಮ ಕೈಯಾರೆ ಹಾಳುಮಾಡಿಬಿಟ್ಟರಲ್ಲ!

ಮರುದಿನವೆಲ್ಲ ಮಗಳು ಹೇಳಿದಂತೆ ಕೇಳಿದರು. ಸೊಟ್ಟಗಾದ ತಗಡು ತಟ್ಟಿದರು, ಸಂದುಗೊಂದಿನ ಸಂಡಿಗೆ ಕೆರೆದರು. ಮುಷ್ಟಿಯಷ್ಟು ಮೋಟ್ರು, ಸಣ್ಣ ಬ್ಲೇಡು ಮತ್ತೆ ಸ್ವಸ್ಥಾನಕ್ಕೆ ಬಂದವು. ಸಿರಾದಲ್ಲಿ ಅದೇ ಮೋಟ್ರು ಗುಯ್ ಎಂದದ್ದೇ, ಎದುರಾಳಿಯ ಚಕ್ರ ಕಿತ್ತು ಜನರ ಕಡೆ ಹಾರಿತು. ಸ್ಪಂದನಾ ಗೆದ್ದಳು!

ಕಾರ್ಯಕ್ರಮ ನಡೆಸುವಾತ ಮೈಕು ಹಿಡಿದು, ಮಗಳ ಪಕ್ಕ ನಿಂತಿದ್ದ ಅಪ್ಪ ಅಮ್ಮನತ್ತ ಬಂದ. "ಸಾರ್, ಇಂಥಾ ಮೋಟ್ರು ಆರಿಸಿದ್ದು ಹೆಂಗೆ?"

ಬಸವಲಿಂಗಯ್ಯನವರ ಎದೆ ತಾನಾಗಿಯೇ ಉಬ್ಬಿತು. "ಮೋಟ್ರು ಆರ್ಸೋದು ನಮ್ ಮನೆತನದ ವಿದ್ಯೆ ಕಣಪ್ಪಾ..."

ದಾಕ್ಷಾಯಣಮ್ಮ ಮೈಕು ಕಿತ್ತುಕೊಂಡರು. "ಹೌದಪ್ಪಾ, ದಿಟ. ಇವ್ರು ಆರ್ಸಿದ್ದೊಂದನ್ನ ಬುಟ್ಟು ಬೇರೆ ಯಾವ್ದಾದ್ರೂ ಹಾಕು ಅಂತ ಮಗಳಿಗೆ ಆ ವಿದ್ಯೆ ಹೇಳ್ಕೊಟ್ಟೋಳು ನಾನೇಯಾ!"