ಮೂವತ್ತೊಂದನೇ ಮೀಟರಿನ ಸದ್ದು

ಮಾವ: ಹನ್ನೊಂದೂವರೆಯಿಂದ ಹತ್ತು ನಿಮಿಷದ್ದು ಮಾತ್ರ ಅಳಿಸಿಬಿಡಮ್ಮ. ಉಳಿದದ್ದು ನಿನ್ನಿಷ್ಟ.

ಸೊಸೆ: ಅಳಿಸೋಕೆ ಇದೇನು ಸ್ಲೇಟಾ ಮಾವ? ಅಷ್ಟಕ್ಕೂ ಅದರಲ್ಲಿ ಏನಿದೆ ಅಂತ ಇಷ್ಟು ಗಾಬರಿ?

ಆಸ್ಪತ್ರೆಯ ಹೊಸ ಕಟ್ಟಡ ಏಳಬೇಕಾದ ಜಾಗ. ಕಟ್ಟುವ ಮೊದಲು ನೆಲದಡಿ ಎಷ್ಟು ಗಟ್ಟಿ ಇದೆ ಎಂದು ಬೋರ್ ಕೊರೆದು ಪರೀಕ್ಷಿಸುತ್ತಿದ್ದರು. ತಗಡಿನ ಶೆಡ್ಡಿನಲ್ಲಿ ಒಂದು ಮೇಜು, ಒಂದು ಕಂಪ್ಯೂಟರು. ಮಾವ ನಲವತ್ತು ವರ್ಷದಿಂದ ಬೋರ್ ಕೊರೆಯುವವರು. ಯಂತ್ರದ ಸದ್ದು ಕೇಳಿಯೇ ಕೆಳಗೆ ಎಂಥ ಬಂಡೆ ಇದೆ ಎನ್ನುವವರು. ಸೊಸೆ ಅದೇ ಕಂಪನಿಯ ಭೂವಿಜ್ಞಾನಿ. ಮಾವ ಕೊರೆದ ಬೋರಿನ ಉದ್ದಕ್ಕೂ ಗಾಜಿನ ಎಳೆಯ ಕೇಬಲ್ ಇಳಿಸಿ, ಸುತ್ತ ಸಿಮೆಂಟ್ ತುಂಬಿ, ಎಳೆಯೊಳಗೆ ಬೆಳಕು ಬಿಡುತ್ತಾಳೆ. ಮೇಲೆ ಸುತ್ತಿಗೆಯಿಂದ ಹೊಡೆದರೆ ಆ ಕಂಪನ ಯಾವ ಮೀಟರಿಗೆ ಯಾವಾಗ ಮುಟ್ಟಿತು ಎಂದು ಎಳೆ ಹೇಳುತ್ತದೆ. ಗಟ್ಟಿ ಬಂಡೆಯಲ್ಲಿ ಬೇಗ, ಮೆತ್ತನೆಯದರಲ್ಲಿ ನಿಧಾನ.

ಮಾವನಿಗೆ ಅರ್ಥವಾಗಿದ್ದು ಮಾತ್ರ ಇಷ್ಟೇ: ಈ ದಾರಕ್ಕೆ ಎಲ್ಲವೂ ಕೇಳುತ್ತದೆ. ಇವತ್ತು ಅವರು ಬೋರಿನ ಬಾಯಿಯ ಹತ್ತಿರವೇ ನಿಂತು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿದ್ದರು.

ಸೊಸೆ: ಹನ್ನೊಂದೂವರೆಗೆ ಯಾರೂ ಸುತ್ತಿಗೆ ಹೊಡೆದಿಲ್ಲ. ಆದ್ರೂ ಪರದೆ ಮೇಲೆ ಗೀಟು ಎದ್ದು ಕುಣೀತಿದೆ. ಅದೇನು ಅಂತ ನೀವೇ ಹೇಳಿ.

ಮಾವ: ಗೊತ್ತಿದ್ದೂ ಕೇಳ್ತೀಯಲ್ಲ. ಸರಿ. ನಿನ್ನ ಕಾಫಿಗೆ ಬಂಡೆಯೂ ಕರಗುತ್ತೆ ಅಂದೆ. ತಮಾಷೆಗೆ.

ಸೊಸೆ: ಓಹೋ. ಆಮೇಲೆ?

ಮಾವ: ನಾಲ್ಕು ದಿನ ಕಾಲೇಜಿಗೆ ಹೋಗಿ ಬಂದು ಬಂಡೆಗೆ ಜ್ವರ ನೋಡ್ತಾಳೆ ಅಂದೆ.

ಸೊಸೆ: ಆಮೇಲೆ?

ಮಾವ: ಅದೂ ಕೇಳಿಸ್ತಾ?

ನಗು ತಡೆಯಲು ಸೊಸೆ ಕಂಪ್ಯೂಟರಿನ ಕಡೆ ತಿರುಗಿದಳು. ಮಾವ ಹೆಲ್ಮೆಟ್ಟು ತೆಗೆದು ಮೇಜಿನ ಮೇಲಿಟ್ಟರು.

ಮಾವ: ನನ್ನ ಕಿವಿ ಹೋಯ್ತು ಅಂದೆ. ನಾಳೆ ಎರಡನೇ ಬೋರ್ ಶುರು, ಕೈ ಹಾಕೋಕೆ ಧೈರ್ಯ ಇಲ್ಲ, ಕೆಲಸ ಬಿಡ್ತೀನಿ ಅಂದೆ.

ಸೊಸೆಯ ನಗು ಅಲ್ಲಿಗೇ ನಿಂತಿತು. ಮಾವ ತಡವರಿಸುತ್ತ ಎಲ್ಲ ಹೇಳಿದರು. ಇಪ್ಪತ್ತೆಂಟು ಮೀಟರಿನಿಂದ ಕೆಳಗೆ ಬರೀ ಗಟ್ಟಿ ಬಂಡೆ ಎಂದು ಬೋರಿನ ದಾಖಲೆ ಪುಸ್ತಕದಲ್ಲಿ ಬರೆದಿದ್ದರು. ಆದರೆ ಹೋದ ವಾರ ಕೊರೆಯುವಾಗ ಒಂದು ಕಡೆ ಸದ್ದು ಮಂದವಾದಂತೆ ಕೇಳಿಸಿತ್ತು. ಜೊತೆಯವರು ಯಾರಿಗೂ ಹಾಗೆ ಕೇಳಿಸಲಿಲ್ಲ. ಮೇಲೆ ಬಂದ ಪುಡಿಯಲ್ಲೂ ವ್ಯತ್ಯಾಸ ಕಾಣಲಿಲ್ಲ. ತಮ್ಮ ಕಿವಿಯದೇ ದೋಷ ಎಂದುಕೊಂಡು ಬರೆಯದೆ ಬಿಟ್ಟಿದ್ದರು.

ಸೊಸೆ: ಎಷ್ಟು ಆಳದಲ್ಲಿ?

ಮಾವ: ಮೂವತ್ತೊಂದರ ಹತ್ರ. ಎರಡು ಮೀಟರ್ ಇರಬಹುದು. ಬಿಡು, ಮುದುಕನ ಕಿವಿ.

ಸೊಸೆ ಪರದೆಯನ್ನು ಅವರ ಕಡೆ ತಿರುಗಿಸಿದಳು. ಮೂವತ್ತೊಂದರಿಂದ ಮೂವತ್ತಮೂರರವರೆಗೆ ಕಂಪನ ಕುಂಟುತ್ತ ಹೋಗಿತ್ತು.

ಸೊಸೆ: ನಿಮ್ಮ ಪುಸ್ತಕದಲ್ಲಿ ಇಲ್ವಲ್ಲ ಅಂತ ಬೆಳಿಗ್ಗೆಯಿಂದ ನಾನು ಕೇಬಲ್ಲನ್ನೇ ಅನುಮಾನಿಸ್ತಾ ಕೂತಿದ್ದೆ ಮಾವ. ಕೆಳಗೆ ಮೆತ್ತನೆ ಪದರ ಇರೋದು ಗೊತ್ತಿಲ್ಲದೆ ಮೇಲೆ ಆಸ್ಪತ್ರೆ ಕಟ್ಟಿಬಿಡ್ತಿದ್ರು. ಬರೀರಿ, ನಿಮ್ಮ ಕೈಯಲ್ಲೇ.

ಮಾವ ಬರೆದರು. ಅವರಿಗೆ ಎಷ್ಟು ಸಂತೋಷವಾಗಿತ್ತೆಂದರೆ ಮೂವತ್ತೊಂದನ್ನು ಎರಡು ಸಲ ತಿದ್ದಬೇಕಾಯಿತು.

ಮಾವ: ಅಂದಹಾಗೆ, ನಾನು ಫೋನಲ್ಲಿ ಆಡಿದ ಮಾತೆಲ್ಲ ಇದರಲ್ಲಿ ಸ್ಪಷ್ಟವಾಗಿ ಕೇಳುತ್ತಾ?

ಸೊಸೆ: ಒಂದಕ್ಷರವೂ ಇಲ್ಲ. ನೀವು ಅತ್ತಿಂದಿತ್ತ ಓಡಾಡಿದ ಹೆಜ್ಜೆ ಮಾತ್ರ. ಉಳಿದದ್ದೆಲ್ಲ ನೀವಾಗೇ ಬಾಯಿಬಿಟ್ಟಿದ್ದು.

ಮಾವ ಅವಳನ್ನು ದುರುಗುಟ್ಟಿ ನೋಡಿದರು, ಸಿಟ್ಟು ಬರಲಿಲ್ಲ. ಕೆಲಸ ಬಿಡುವುದಿಲ್ಲ, ಕಿವಿ ನೆಟ್ಟಗಿದೆ ಎಂದು ಹೆಂಡತಿಗೆ ತಿಳಿಸಲು ಹೊರಗೆ ಹೋದರು. ಎರಡೇ ನಿಮಿಷದಲ್ಲಿ ಮುಖ ಸಪ್ಪಗೆ ಮಾಡಿಕೊಂಡು ವಾಪಸು ಬಂದರು.

ಸೊಸೆ: ಯಾಕೆ, ಅತ್ತೆಗೆ ಖುಷಿ ಆಗ್ಲಿಲ್ವಾ?

ಮಾವ: ಮೂವತ್ತೊಂದು ಮೀಟರ್ ಕೆಳಗಿನದು ಕೇಳುತ್ತೆ, ಅಡುಗೆಮನೆಯಿಂದ ನಾನು ಕೂಗಿದ್ದು ಮಾತ್ರ ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ ಅಂತಾಳೆ.