ಅಟ್ಟದ ಮೇಲಿನ ಇಂಗ್ಲಿಷ್

ನನ್ನ ಸೋದರಮಾವ ಒಂದು ಇರುವೆಗೂ ನೋವು ಮಾಡಿದವನಲ್ಲ ಎಂದು ಅರಳಗುಪ್ಪೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇರುವೆ ಪುಣ್ಯ ಮಾಡಿತ್ತು, ಅದು ಇಂಗ್ಲಿಷ್ ಕಲಿಯಬೇಕಿರಲಿಲ್ಲ! ನಾನು ಕಲಿಯಬೇಕಿತ್ತು. ತೊಂಬತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಅದೊಂದರಲ್ಲೇ ಫೇಲಾಗಿದ್ದೆ. ಇನ್ನೊಮ್ಮೆ ಕಟ್ಟಿ ಪಾಸಾದರೆ ತುಮಕೂರಿನ ಕಾಲೇಜು, ಹಾಸ್ಟೆಲ್ಲು. ಇಲ್ಲದಿದ್ದರೆ ಓದು ಮುಗಿಯಿತು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಆಗ ಮಾವ, ನಾನು ಕಲಿಸುತ್ತೇನೆ ಎಂದು ಎದ್ದು ನಿಂತ. ನನ್ನ ಗ್ರಹಚಾರ.

ಮಾವ ಪಿಯುಸಿಗೆ ಓದು ಬಿಟ್ಟು ತೆಂಗಿನ ತೋಟ ನೋಡಿಕೊಂಡವನು. ಇಂಗ್ಲಿಷಿನಲ್ಲಿ ಅವನಿಗೆ ಬೇಕಾದದ್ದು ಒಂದೇ: ಜನ ಅದಲುಬದಲು ಮಾಡುವ ಕ್ರಿಯಾಪದಗಳ ಜೋಡಿ. ಸೇ–ಟೆಲ್, ಬ್ರಿಂಗ್–ಟೇಕ್, ಬಾರೋ–ಲೆಂಡ್. ಪಕ್ಕದ ಮನೆಯ ಅಜ್ಜಿ ಕುಡುಗೋಲು ಕೇಳಲು ಬಂದರೆ, ನೀನು ಈಗ ಮಾಡುತ್ತಿರುವುದು ಬಾರೋನೋ ಲೆಂಡೋ ಎಂದು ಬಾಗಿಲಲ್ಲೇ ನಿಲ್ಲಿಸಿದ. ಪಾಪ, ಅಜ್ಜಿ ಮಾರನೆಯ ದಿನ ಸಂತೆಯಲ್ಲಿ ಹೊಸ ಕುಡುಗೋಲನ್ನೇ ಕೊಂಡಳು!

ನನ್ನ ಲಂಗ ಹೊಲಿಯಲು ಕೊಡಲೆಂದು ತಿಪಟೂರಿಗೆ ಹೋದೆವು. ದರ್ಜಿ ಸಾಹೇಬರು ಚೀಟಿಯಲ್ಲಿ ಶುಕ್ರವಾರ ಬ್ರಿಂಗ್ ಎಂದು ಬರೆದುಕೊಟ್ಟರು. ಸರಿ, ಶುರುವಾಯಿತು. ಇತ್ತ ತರುವುದಕ್ಕೆ ಬ್ರಿಂಗ್, ಅತ್ತ ಒಯ್ಯುವುದಕ್ಕೆ ಟೇಕ್ ಎಂದು ಮಾವ ಮುಕ್ಕಾಲು ಗಂಟೆ ಕೊರೆದ. ಅಷ್ಟರಲ್ಲಿ ನಮ್ಮೂರ ಬಸ್ಸು ಹೋಯಿತು. ಸಾಹೇಬರು ತಲೆ ಎತ್ತದೆ, "ಬ್ರಿಂಗಾದ್ರೂ ಮಾಡ್ಕಳಿ, ಟೇಕಾದ್ರೂ ಮಾಡ್ಕಳಿ ಸಾರ್. ಶುಕ್ರವಾರಕ್ಕಂತೂ ಆಗಕ್ಕಿಲ್ಲ" ಎಂದರು. ಆ ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ನಾನು ಮಾವನಿಗೆ ಹಾಕಿದ ಶಾಪವನ್ನು ಇಲ್ಲಿ ಬರೆಯಲಾರೆ.

ಇಷ್ಟಕ್ಕೇ ಬಿಟ್ಟಿದ್ದರೆ ಕ್ಷಮಿಸಬಹುದಿತ್ತು. ಪಾಠ ನಡೆಯುತ್ತಿದ್ದದ್ದು ಎಲ್ಲಿ ಅಂತೀರಿ? ಕೊಬ್ಬರಿ ಅಟ್ಟದ ಮೇಲೆ! ವರ್ಷದುದ್ದ ಒಣಗಲೆಂದು ತೆಂಗಿನಕಾಯಿ ರಾಶಿ ಹಾಕಿದ ಜಾಗ. ಕೆಳಗೆ ಹೊಗೆ, ಮೇಲೆ ಹೆಂಚಿನ ಕಾವು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ನೀರಿನ ಸದ್ದು ಬಂದರೆ ಇನ್ನೂ ಹಸಿ, ಲೊಟಲೊಟ ಎಂದರೆ ಒಳಗೆ ಕೊಬ್ಬರಿಯಾಗಿದೆ. ಆತುರಪಟ್ಟು ಒಡೆದರೆ ಆ ಕಾಯಿ ಕೊಬ್ಬರಿಗೆ ದಕ್ಕುವುದಿಲ್ಲ. ಈ ವಿದ್ಯೆಯಲ್ಲಿ ಮಾವನ ಕಿವಿ ಸುತ್ತಲಿನ ಊರಿಗೆಲ್ಲ ಹೆಸರುವಾಸಿ. ತುರುವೇಕೆರೆಯ ಕಡೆಯಿಂದಲೂ ಕರೆಯಲು ಬರುತ್ತಿದ್ದರು.

"ಹೊರಗಿಂದ ಎರಡು ಕಾಯೂ ಒಂದೇ ಕಣೇ. ಅಲ್ಲಾಡಿಸು, ಗೊತ್ತಾಯ್ತದೆ. ವರ್ಬೂ ಹಂಗೇಯ" ಎಂದು ನನ್ನ ಕೈಗೆ ಕಾಯಿ ಕೊಡುವುದು. ತಪ್ಪು ಹೇಳಿದರೆ ದಂಡವಾಗಿ ಹತ್ತು ಕಾಯಿ ಅಲ್ಲಾಡಿಸಿ, ಹಸಿ ಯಾವುದು ಕೊಬ್ಬರಿ ಯಾವುದು ಎಂದು ಬೇರೆ ಮಾಡಬೇಕು. ಸರಿ ಹೇಳಿದರೆ? ಬಹುಮಾನವಾಗಿ ಹತ್ತು ಕಾಯಿ! ಯಾವ ದೇಶದ ನ್ಯಾಯ ಇದು? ಬಿಟ್ಟಿ ಕೂಲಿಗೆ ಸಿಕ್ಕಿದ್ದೇನೆಂದು ಅಮ್ಮನ ಮುಂದೆ ಹಾರಾಡಿದೆ. ಮಾವನ ಮುಂದೂ ಹಾರಾಡಿದೆ. ಅವನು ಕೇಳಿಸದವನ ಹಾಗೆ ಇನ್ನೊಂದು ಕಾಯಿ ಕೊಟ್ಟ. ಮೂರು ತಿಂಗಳು ಕುದಿದುಹೋದೆ.

ಪಾಸಾದೆ. ಅದೂ ಐವತ್ತರ ಮೇಲೆ. ಇನ್ನು ನಿನ್ನ ಅಟ್ಟ ನಿನಗೇ ಇರಲಿ ಎಂದು ಮುಖಕ್ಕೆ ಹೇಳಿಬರಬೇಕೆಂದು ಏಣಿ ಹತ್ತಿದೆ. ಮಾವ ಬೆನ್ನು ಹಾಕಿ ಕುಳಿತಿದ್ದ. ಎರಡು ಸಲ ಕರೆದೆ, ತಿರುಗಲಿಲ್ಲ. ಒಂದು ಕಾಯಿ ತೆಗೆದು ಕಿವಿಗೆ ಒತ್ತಿ ಅಲ್ಲಾಡಿಸಿದ. ಒಳಗಿನ ನೀರು ಏಣಿಯ ಮೇಲಿದ್ದ ನನಗೇ ಕೇಳಿಸಿತು. ಮಾವ ಇನ್ನೊಂದು ಕಿವಿಗೆ ಹಿಡಿದ, ಮತ್ತೆ ಅಲ್ಲಾಡಿಸಿದ, ಆಮೇಲೆ ಅದನ್ನು ಒಡೆಯುವ ರಾಶಿಗೆ ಹಾಕಿದ.

ಹತ್ತಿರ ಹೋಗಿ, ಭುಜ ಮುಟ್ಟಿ, ಪಾಸಾದೆ ಎಂದು ಗಟ್ಟಿಯಾಗಿ ಹೇಳಿದೆ. ಮಾವನ ಮುಖ ಅರಳಿತು. ನನ್ನ ಕಣ್ಣು ಆ ರಾಶಿಯ ಮೇಲೇ ಇದ್ದದ್ದನ್ನು ನೋಡಿ ತನ್ನ ಕಿವಿ ಮುಟ್ಟಿಕೊಂಡ.

"ಎರಡು ವರ್ಷ ಆಯ್ತು ಕಣೇ. ಯಾರ್ಗೂ ಹೇಳ್ಬ್ಯಾಡ" ಎಂದ. ಆಮೇಲೆ ನಗುತ್ತಾ, "ನೀನು ಫೇಲಾಗಿದ್ರೆ ಇಲ್ಲೇ ಇರ್ತಿದ್ದೆ, ನನಗೆ ಸಲೀಸಾಗ್ತಿತ್ತು. ಆದ್ರೂ ಒಂದೂ ತಪ್ಪು ಕಲಿಸ್ಲಿಲ್ಲ ನೋಡು" ಎಂದ.

ಹಾಸ್ಟೆಲ್ಲಿಗೆ ಹೊರಡಲು ಇನ್ನೂ ಎಂಟು ದಿನವಿತ್ತು. ಅವನ ಪಕ್ಕ ಕುಳಿತು, ಆ ರಾಶಿಯ ಕಾಯಿಗಳನ್ನು ಮೊದಲಿನಿಂದ ಒಂದೊಂದೇ ಅಲ್ಲಾಡಿಸತೊಡಗಿದೆ.